ಬ್ಯಾರಕ್ ಮೊದಲೋ, ಜೈಲು ಮೊದಲೋ?

ಸೈನಿಕರು ಇರುವ ಬ್ಯಾರಕ್, ಕೈದಿಗಳು ಇರುವ ಜೈಲು, ಇವೆರಡರಲ್ಲಿ ದುರಸ್ತಿಯ ಹಣ ಯಾವುದಕ್ಕೆ ಮೊದಲು ಎಂದು ತೀರ್ಮಾನಿಸುವವರು ಬರೀ ಮಂಚ, ಊಟದ ತಟ್ಟೆ ನೋಡಿದರೆ ಸಾಲದು. ಸೈನಿಕನೂ ಹಲವರ ಜೊತೆ ಮಲಗುತ್ತಾನೆ, ಹೇಳಿದ ಹೊತ್ತಿಗೆ ಏಳುತ್ತಾನೆ. ಆದರೆ ಅವನಿಗೆ ಸಂಬಳವಿದೆ, ರಜೆಯಿದೆ. ಪ್ರಾಣಾಪಾಯ ಮಾತ್ರ ಅವನದೇ, ಅದು ದೊಡ್ಡದು. ಕೈದಿಯ ಬಾಗಿಲಿಗೆ ಬೀಗ ಹೊರಗಿನಿಂದ. ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ಹೇಳುವ, 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳು 15 ದಿನ ಮೀರಿದ ಏಕಾಂತವಾಸ ಕೂಡದು ಎನ್ನುತ್ತವೆ. ಹವೆ ಚೆನ್ನಾಗಿದ್ದರೆ ದಿನಕ್ಕೆ 1 ಗಂಟೆಯಾದರೂ ಬಯಲಲ್ಲಿ ವ್ಯಾಯಾಮ ಬೇಕು ಎನ್ನುತ್ತವೆ.

ಸೈನಿಕನ ವಸತಿ, ಕೈದಿಯ ವಸತಿ ಎರಡನ್ನೂ ನೇರವಾಗಿ ಹೋಲಿಸುವುದು 1949ರ ಮೂರನೇ ಜಿನೀವಾ ಒಪ್ಪಂದ: ಯುದ್ಧಕೈದಿಯ ವಸತಿ, ಸೆರೆಹಿಡಿದ ದೇಶದ ಸೈನಿಕರಿಗೆ ಅದೇ ಪ್ರದೇಶದಲ್ಲಿ ಕೊಟ್ಟ ವಸತಿಗಿಂತ ಕೀಳಾಗಿರಬಾರದು.

ಸೋರುವ ಬ್ಯಾರಕ್ ತೋರಿಸಿ ಜೈಲಿನ ಊಟ ಕಡಿಮೆ ಮಾಡುವುದು ಅನ್ಯಾಯ. ಬ್ಯಾರಕ್ ರಿಪೇರಿ ಮಾಡಿಸಿ. ಎರಡೂ ಕಡೆ ನೀರು, ಶೌಚಾಲಯ ಕೆಟ್ಟಿದ್ದರೆ ನಾನು ಜೈಲಿಗೇ ಮೊದಲು ಎನ್ನುತ್ತೇನೆ: ಕೈದಿ ಹೊರಗೆ ಹೋಗಿ ಒಂದು ಕೊಡ ನೀರು ತರಲಾರ.