ಐದು ಒತ್ತಿದರೆ ನಾಣ್ಯ: ಬ್ರೌಸರ್‌ನಲ್ಲಿ ಹಳೆಯ ಆರ್ಕೇಡ್ ಆಟಗಳು, ನಾಲ್ಕು ವರ್ಷ ಆಡಿದ ಮೇಲೆ

ನಾನು ಮೈಸೂರಿನ ಅಗ್ರಹಾರದ ಸಮೀಪ ಒಂದು ಚಿಕ್ಕ ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುವವನು. ಮದುವೆ ಕರೆಯೋಲೆ, ವೈಕುಂಠ ಸಮಾರಾಧನೆಯ ಪತ್ರ, ರಸೀದಿ ಪುಸ್ತಕ, ಹೀಗೆ ಬೆಳಗಿನಿಂದ ಸಂಜೆಯವರೆಗೆ ಕೀಲಿಮಣೆಯ ಮೇಲೆಯೇ ಬದುಕು. 2021ರ ಬೇಸಿಗೆಯ ಲಾಕ್‌ಡೌನ್‌ನಲ್ಲಿ ಮದುವೆಗಳೇ ನಿಂತುಹೋದವು. ಕೆಲಸದ ಕಂಪ್ಯೂಟರನ್ನು ಮನೆಗೆ ತಂದಿಟ್ಟುಕೊಂಡಿದ್ದೆ. ತಿದ್ದಲು ಒಂದು ಕರಡೂ ಇರಲಿಲ್ಲ. ಅಂಥ ಒಂದು ಮಧ್ಯಾಹ್ನ ಬ್ರೌಸರ್‌ನಲ್ಲಿ ಪ್ಯಾಕ್-ಮ್ಯಾನ್ ತೆರೆದೆ: ದುಂಡನೆಯ ಬಾಯೊಂದು ಓಣಿಗಳಲ್ಲಿ ಚುಕ್ಕಿ ತಿನ್ನುತ್ತಾ ಭೂತಗಳಿಂದ ತಪ್ಪಿಸಿಕೊಳ್ಳುವ ಆರ್ಕೇಡ್ ಆಟ, ಅಂದರೆ ಅಂಗಡಿಯ ಯಂತ್ರಕ್ಕೆ ನಾಣ್ಯ ಹಾಕಿ ಆಡುತ್ತಿದ್ದುದು. ಅಂದಿನಿಂದ ಇಂದಿನವರೆಗೆ ವಾರಕ್ಕೆ ಐದು ದಿನವಾದರೂ ಆಡಿದ್ದೇನೆ. ಕೆಟ್ಟ ತಾಣ, ಒಳ್ಳೆಯ ತಾಣ ಎರಡನ್ನೂ ಕಂಡಿದ್ದೇನೆ. ಎರಡು ಕೀಲಿಮಣೆ, ಒಂದು ಜಾಯ್‌ಸ್ಟಿಕ್‌ಗೆ ಹಣ ಸುರಿದಿದ್ದೇನೆ. ಹೊಸದಾಗಿ ಶುರು ಮಾಡುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲ ದಿನ ಆಟ ತೆರೆದುಕೊಂಡಿತು, ನಾಲ್ಕು ಭೂತಗಳ ಪರಿಚಯ ಮೂಡಿ ಮರೆಯಾಯಿತು, ಆಮೇಲೆ ಏನು ಒತ್ತಿದರೂ ಅಲುಗಾಡಲಿಲ್ಲ. ಎಂಟರ್ ಒತ್ತಿದೆ, ಸ್ಪೇಸ್ ಒತ್ತಿದೆ, ಮೌಸ್ ಕುಟ್ಟಿದೆ. ಕೊನೆಗೆ ಗೊತ್ತಾಯಿತು: ಅಂಕಿಗಳ ಸಾಲಿನ 5 ಒತ್ತಿದರೆ ಯಂತ್ರದ ಬಾಯಿಗೆ ನಾಣ್ಯ ಬಿದ್ದಂತೆ, 1 ಒತ್ತಿದರೆ ಆಟ ಆರಂಭ. ಒತ್ತಿದೊಡನೆ ಪರದೆಯ ಕೆಳಗೆ 'ಕ್ರೆಡಿಟ್' ಎಂಬುದರ ಮುಂದಿದ್ದ ಸೊನ್ನೆ ಒಂದಾಯಿತು. ಪಕ್ಕದಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಂಬತ್ತು ಸಲ ಒತ್ತಿದೆ.

ಒಂಬತ್ತು ರೂಪಾಯಿ! ತೊಂಬತ್ತರ ದಶಕದಲ್ಲಿ ನಾರಾಯಣಶಾಸ್ತ್ರಿ ರಸ್ತೆಯ ಕಡೆಯ ಒಂದು ಗಲ್ಲಿಯಲ್ಲಿ ವಿಡಿಯೊ ಗೇಮ್ ಅಂಗಡಿಯಿತ್ತು. ಆಟಕ್ಕೆ ಒಂದು ರೂಪಾಯಿ. ಮುಂದಿನ ಸರದಿ ನಮ್ಮದೆಂದು ತೋರಿಸಲು ಪರದೆಯ ಕೆಳಗಿನ ಅಂಚಿನ ಮೇಲೆ ನಾಣ್ಯ ಇಡಬೇಕಿತ್ತು. ಜೇಬಿನಲ್ಲಿ ಎರಡು ನಾಣ್ಯವಿದ್ದವನು ಸಾಹುಕಾರ. ಅಲ್ಲಿ ಹೆಚ್ಚು ನಡೆಯುತ್ತಿದ್ದುದು ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ 'ಕ್ಯಾಡಿಲಾಕ್ಸ್ ಆ್ಯಂಡ್ ಡೈನೊಸಾರ್ಸ್'. ಆ ಹೆಸರನ್ನು ಉಚ್ಚರಿಸಿದ ಹುಡುಗನನ್ನು ನಾನು ನೋಡಿಲ್ಲ. ಆಯ್ದುಕೊಳ್ಳಬಹುದಾದ ನಾಲ್ವರಲ್ಲಿ ಒಬ್ಬನ ಹೆಸರು ಮುಸ್ತಫಾ, ಎಲ್ಲರಿಗೂ ಅವನೇ ಬೇಕು. ಹಾಗಾಗಿ ಆಟದ ಹೆಸರೂ ಮುಸ್ತಫಾ.

ಈಗ ವಿಷಯಕ್ಕೆ ಬರುತ್ತೇನೆ. ಆನ್‌ಲೈನ್‌ನಲ್ಲಿ ಸಿಗುವ ಹಳೆಯ ಆಟಗಳಲ್ಲಿ ಎರಡು ಜಾತಿ. ಒಂದು, ಯಾರೋ ಈಚೆಗೆ ಕುಳಿತು ಮೂಲದಂತೆ ಕಾಣುವ ಹಾಗೆ ಹೊಸದಾಗಿ ಬರೆದ ನಕಲು. ಇನ್ನೊಂದು ಎಮ್ಯುಲೇಟರ್: ಹಳೆಯ ಯಂತ್ರದ ಚಿಪ್‌ಗಳೆಲ್ಲ ಹೇಗೆ ವರ್ತಿಸುತ್ತಿದ್ದವೋ ಹಾಗೆಯೇ ವರ್ತಿಸುವ ತಂತ್ರಾಂಶ. ಅದರೊಳಗೆ ಓಡುವುದು ಅಂದಿನ ಅದೇ ಆಟ, ಒಂದಕ್ಷರ ಬದಲಾಗದೆ. ಇಂಥವುಗಳಲ್ಲಿ ಹೆಸರಾದದ್ದು 'ಮೇಮ್' ಎಂಬ ತಂತ್ರಾಂಶ; 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಆರಂಭಿಸಿದ್ದು. ಅದನ್ನು ಬ್ರೌಸರ್‌ಗೆ ತಿಳಿಯುವ ಭಾಷೆಗೆ ಇಳಿಸಿದ ಮೇಲೆ, 2014ರ ನವೆಂಬರ್‌ನಲ್ಲಿ, ಹಳೆಯ ಪುಸ್ತಕ, ತಂತ್ರಾಂಶಗಳನ್ನು ಕಾಪಿಡುವ ಇಂಟರ್‌ನೆಟ್ ಆರ್ಕೈವ್ ಎಂಬ ತಾಣದವರು ಒಂಬೈನೂರರಷ್ಟು ಆರ್ಕೇಡ್ ಆಟಗಳನ್ನು ಒಟ್ಟಿಗೆ ಇಟ್ಟರು. ಏನನ್ನೂ ಅಳವಡಿಸಿಕೊಳ್ಳದೆ ಪುಟ ತೆರೆದು ಆಡುವುದು ಅಲ್ಲಿಂದ ಸಲೀಸಾಯಿತು.

ನಕಲು ಯಾವುದು, ಅಸಲು ಯಾವುದು ಎಂದು ಪತ್ತೆ ಹಚ್ಚುವುದಕ್ಕೆ ನನ್ನ ಬಳಿ ಎರಡು ಪರೀಕ್ಷೆಗಳಿವೆ. ಚಿನ್ನದಂಗಡಿಯವನ ಒರೆಗಲ್ಲಿನಂತೆ ಹೊಸ ತಾಣ ಕಂಡೊಡನೆ ಉಜ್ಜಿ ನೋಡುತ್ತೇನೆ.

ಮೊದಲನೆಯದು ಪ್ಯಾಕ್-ಮ್ಯಾನ್. 1980ರಲ್ಲಿ ನಾಮ್ಕೊ ಕಂಪನಿಗಾಗಿ ತೋರು ಇವಾತಾನಿ ರೂಪಿಸಿದ ಈ ಆಟದಲ್ಲಿ ಭೂತಗಳು ಮನಬಂದಂತೆ ಅಲೆಯುವುದಿಲ್ಲ. ಅಟ್ಟಿಸಿಕೊಂಡು ಬರುವಾಗ ಕೆಂಪು ಭೂತದ ಗುರಿ ನೀವು ನಿಂತ ಜಾಗ. ಗುಲಾಬಿಯದು ನಿಮ್ಮ ಮುಂದಿನ ನಾಲ್ಕನೆಯ ಮನೆ. ಮನೆ ಎಂದರೆ ಚೌಕಾಬಾರದ ಮನೆ ಎಂದುಕೊಳ್ಳಿ. ತಿಳಿನೀಲಿ ಭೂತ ಕೆಂಪು ಎಲ್ಲಿದೆಯೆಂದು ನೋಡಿ ಲೆಕ್ಕ ಹಾಕುತ್ತದೆ. ಕಿತ್ತಳೆ ಬಣ್ಣದ್ದು ಪುಕ್ಕಲು: ದೂರವಿದ್ದಾಗ ಬೆನ್ನಟ್ಟುತ್ತದೆ, ಎಂಟು ಮನೆ ಹತ್ತಿರಕ್ಕೆ ಬಂತೋ ತನ್ನ ಮೂಲೆಯ ಕಡೆ ತಿರುಗಿಕೊಳ್ಳುತ್ತದೆ. ನೀವು ದೊಡ್ಡ ಗುಳಿಗೆ ತಿಂದು ಅವು ಹೆದರಿ ನೀಲಿಯಾದಾಗ ಮಾತ್ರ ದಿಕ್ಕಿನ ಆಯ್ಕೆ ಅಡ್ಡಾದಿಡ್ಡಿ. ಆದರೆ ಆ ಅಡ್ಡಾದಿಡ್ಡಿಯ ಲೆಕ್ಕವೂ ಪ್ರತಿ ಹಂತದಲ್ಲಿ, ಪ್ರತಿ ಜೀವದಲ್ಲಿ ಮತ್ತೆ ಮೊದಲಿನಿಂದಲೇ ಶುರುವಾಗುತ್ತದೆ. ಅಂದರೆ ನೀವು ನಿನ್ನೆ ಹೋದ ದಾರಿಯಲ್ಲಿಯೇ, ನಿನ್ನೆಯ ಹೊತ್ತಿಗೇ ಇಂದೂ ಹೋದರೆ ಭೂತಗಳೂ ನಿನ್ನೆ ಬಂದಲ್ಲಿಗೇ ಬರುತ್ತವೆ. ಮೊದಲ ಹಂತದ 240 ಚುಕ್ಕಿ, ನಾಲ್ಕು ದೊಡ್ಡ ಗುಳಿಗೆಗಳನ್ನು ಮುಗಿಸುವ ಒಂದು ದಾರಿಯನ್ನು ನಾನು ಸಂಧ್ಯಾವಂದನೆಯಂತೆ ಬಾಯಿಪಾಠ ಮಾಡಿದ್ದೇನೆ. ಅಸಲಿ ಎಮ್ಯುಲೇಟರ್‌ನಲ್ಲಿ ಕೈ ತಪ್ಪದಿದ್ದರೆ ಅದು ಪ್ರತಿ ಸಲವೂ ಫಲಿಸುತ್ತದೆ. ನಕಲಿನಲ್ಲಿ ಮೂರನೇ ತಿರುವಿನಲ್ಲಿಯೇ ಗುಲಾಬಿ ಎದುರಿಗೆ ಬಂದು ನಿಂತಿರುತ್ತದೆ.

ಎರಡನೆಯದು ಸ್ಪೇಸ್ ಇನ್ವೇಡರ್ಸ್, ಮೇಲಿನಿಂದ ಸಾಲಾಗಿ ಇಳಿಯುವ ಶತ್ರುಗಳಿಗೆ ಗುಂಡು ಹಾರಿಸುವ ತೈತೊ ಕಂಪನಿಯ 1978ರ ಆಟ. ಮೇಲೆ ಆಗಾಗ ಹಾದುಹೋಗುವ ತಟ್ಟೆಯಂಥ ನೌಕೆಗೆ ಎಷ್ಟು ಅಂಕ ಸಿಗುತ್ತದೆ ಎನ್ನುವುದು ಅದೃಷ್ಟವೆಂದು ಹುಡುಗರಾಗಿದ್ದಾಗ ನಂಬಿದ್ದೆವು. ಅಲ್ಲ. ಅದು ನೀವು ಹಾರಿಸಿದ ಗುಂಡುಗಳ ಲೆಕ್ಕ. ಇಪ್ಪತ್ತಮೂರನೆಯ ಗುಂಡಿನಿಂದ ಹೊಡೆದರೆ 300, ಆಮೇಲೆ ಪ್ರತಿ ಹದಿನೈದನೆಯದಕ್ಕೆ ಮತ್ತೆ 300. ಬೆರಳೆಣಿಸಿ ಹೊಡೆದು ನೋಡಿ, 300 ಬಂದರೆ ಅಸಲು. ಇನ್ನೂ ಒಂದು ಸೊಗಸಿದೆ: ಶತ್ರುಗಳು ಸತ್ತಷ್ಟೂ ಉಳಿದವರು ವೇಗವಾಗುವುದು ಮೊದಲಿಗೆ ಯೋಜಿಸಿದ್ದಲ್ಲ. 55 ಆಕೃತಿಗಳನ್ನು ಬಿಡಿಸಲು ಅಂದಿನ ಚಿಪ್ ಏದುಸಿರು ಬಿಡುತ್ತಿತ್ತು. ಸಂಖ್ಯೆ ಕಡಿಮೆಯಾದಂತೆ ಅದರ ಹೊರೆ ಇಳಿದು ಆಟ ಓಡತೊಡಗಿತು. ತಯಾರಿಸಿದ ತೊಮೊಹಿರೊ ನಿಶಿಕಾದೊ ಅದನ್ನು ಹಾಗೆಯೇ ಉಳಿಸಿಕೊಂಡರು. ಈ ಆಟದಲ್ಲಿ ಸದ್ದೇ ಬರದಿದ್ದರೆ ನಿಮ್ಮ ಸ್ಪೀಕರ್ ಬಿಚ್ಚಬೇಡಿ. ಮೂಲ ಯಂತ್ರದಲ್ಲಿ ಸದ್ದು ಹುಟ್ಟುತ್ತಿದ್ದುದು ಬಿಡಿ ವಿದ್ಯುನ್ಮಂಡಲಗಳಿಂದ, ಹಾಗಾಗಿ ಮೇಮ್‌ನ ಹಳೆಯ ಆವೃತ್ತಿಗಳಿಗೆ ಮುದ್ರಿಸಿಕೊಂಡ ಸದ್ದಿನ ಕಡತಗಳನ್ನು ಬೇರೆಯಾಗಿ ಕೊಡಬೇಕು. ಕೊಡದ ತಾಣದಲ್ಲಿ ಯುದ್ಧ ಮೂಕಾಭಿನಯ.

ಆಟದ ನಿಷ್ಠೆಯ ಬಗ್ಗೆ ಹೀಗೆ ಎಷ್ಟು ಹೊಗಳಿದರೂ ಸಾಲದು. ಕೈ ಮತ್ತು ಆಟದ ನಡುವೆ ಇರುವುದರ ಬಗ್ಗೆ ಮಾತ್ರ ಬೈಗುಳವೇ ಹೆಚ್ಚು.

ಸಾಮಾನ್ಯವಾಗಿ ಕಂಟ್ರೋಲ್ ಕೀಲಿ ಮೊದಲ ಗುಂಡಿ, ಆಲ್ಟ್ ಎರಡನೆಯದು. ಮುಸ್ತಫಾ ಆಡುತ್ತಾ ಎಡಕ್ಕೆ ಓಡುವಾಗ ಆಲ್ಟ್ ಒತ್ತಿದೆ. ಆಲ್ಟ್ ಜೊತೆ ಎಡಬಾಣ ಎಂದರೆ ಬ್ರೌಸರ್‌ನ ಭಾಷೆಯಲ್ಲಿ 'ಹಿಂದಿನ ಪುಟಕ್ಕೆ ಹೋಗು'. ಹೋಯಿತು. ನಾಲ್ಕನೇ ಹಂತ, ಡೈನೊಸಾರ್, ಎಲ್ಲವೂ ಹೋಯಿತು. ಬಾಣಗಳ ಸಹವಾಸವೇ ಬೇಡವೆಂದು ಚಲನೆಯನ್ನು ಡಬ್ಲ್ಯು, ಎ, ಎಸ್, ಡಿ ಅಕ್ಷರಗಳಿಗೆ ಬದಲಿಸಿಕೊಂಡೆ. ಮೇಲಕ್ಕೆ ಸರಿಯುತ್ತಾ ಹೊಡೆದೆ. ಕಂಟ್ರೋಲ್ ಜೊತೆ ಡಬ್ಲ್ಯು ಎಂದರೆ ಪುಟವನ್ನೇ ಮುಚ್ಚು! ದಿನವಿಡೀ ಕೀಲಿಮಣೆಯಲ್ಲಿ ಅನ್ನ ಸಂಪಾದಿಸುವವನಿಗೆ ಇದು ಮೊದಲೇ ಹೊಳೆಯಬೇಕಿತ್ತು ಎಂದು ಮನೆಯಾಕೆ ಹೇಳಿದ್ದು ಸರಿ. ಟ್ಯಾಬ್ ಒತ್ತಿದರೆ ಮೇಮ್‌ನ ಪಟ್ಟಿ ತೆರೆಯುತ್ತದೆ; ಮೊದಲ ದಿನವೇ ಗುಂಡಿಗಳನ್ನು ಝಡ್, ಎಕ್ಸ್‌ಗೆ ಬದಲಿಸಿಕೊಳ್ಳಿ. ಅಗ್ಗದ ಕೀಲಿಮಣೆಗಳಿಗೆ ಇನ್ನೊಂದು ರೋಗ: ಕೆಲವು ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮೂರನೆಯದು ಕಿವಿಗೇ ಬೀಳುವುದಿಲ್ಲ. ನಿಮ್ಮ ಬೆರಳು ನಿಧಾನವಾಗಿದೆ ಎಂದು ಕೊರಗುವ ಮುನ್ನ ಅದನ್ನು ಪರೀಕ್ಷಿಸಿ.

ಜಾಯ್‌ಸ್ಟಿಕ್ ಕೊಂಡರೆ ಎಲ್ಲ ಸರಿಹೋಗುತ್ತದೆಂದು ಕೊಂಡೆ. ಮುಸ್ತಫಾಗೆ ಸ್ವರ್ಗ, ಪ್ಯಾಕ್-ಮ್ಯಾನ್‌ಗೆ ನರಕ. ಕಾರಣ ಸರಳ. ಪ್ಯಾಕ್-ಮ್ಯಾನ್ ಯಂತ್ರದ ಕೋಲಿಗೆ ನಾಲ್ಕೇ ದಿಕ್ಕು. ಮಾರುಕಟ್ಟೆಯಲ್ಲಿ ಸಿಗುವುದು ಎಂಟು ದಿಕ್ಕಿನದು. ತಿರುವಿನಲ್ಲಿ ಕೋಲು ಓರೆಗೆ ಹೋದರೆ ಆಟಕ್ಕೆ ಯಾವ ಕಡೆ ಎಂದು ತಿಳಿಯದೆ ಪ್ಯಾಕ್-ಮ್ಯಾನ್ ಬಾಯಿ ತೆರೆದುಕೊಂಡು ಗೋಡೆಗೆ ಒರಗುತ್ತದೆ. ಕೊಳ್ಳುವಾಗ ನಾಲ್ಕು ದಿಕ್ಕಿಗೆ ಬದಲಿಸಬಲ್ಲ ಚೌಕಟ್ಟು ಒಳಗಿದೆಯೇ ಎಂದು ಕೇಳಿ. ತಂತಿಯದ್ದನ್ನೇ ಕೊಳ್ಳಿ. ಬ್ಲೂಟೂತ್ ಸೇರಿಸುವ ಕ್ಷಣಭಾಗದ ವಿಳಂಬ ಕರೆಯೋಲೆ ಬರೆಯುವಾಗ ತಿಳಿಯದು, ಭೂತ ಹಿಂದೆಯೇ ಇರುವಾಗ ತಿಳಿಯುತ್ತದೆ. ಮೊಬೈಲ್ ಪರದೆಯ ಮೇಲಿನ ಬಾಣಗಳ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಹೆಬ್ಬೆರಳೇ ಆಟವನ್ನು ಮುಚ್ಚುತ್ತದೆ.

ನನ್ನ ಉದ್ಯೋಗ ಉಪಕಾರಕ್ಕೆ ಬಂದದ್ದು ಒಂದೇ ಕಡೆ. ಪ್ಯಾಕ್-ಮ್ಯಾನ್ ಪರದೆ ಅಡ್ಡವಲ್ಲ, ಉದ್ದ: ಅಗಲಕ್ಕೆ 224 ಪಿಕ್ಸೆಲ್, ಎತ್ತರಕ್ಕೆ 288. ಮಾಮೂಲಿ ಮಾನಿಟರ್‌ನಲ್ಲಿ ಎರಡೂ ಬದಿ ಕಪ್ಪು ಗೋಡೆ, ನಡುವೆ ಬಾಗಿಲಿನಷ್ಟು ಆಟ. ನಮ್ಮ ಮುದ್ರಣಾಲಯದಲ್ಲಿ ಪುಟವಿನ್ಯಾಸಕ್ಕೆಂದು ತಿರುಗಿಸಿ ನಿಲ್ಲಿಸಬಹುದಾದ ಮಾನಿಟರ್ ಇದೆ. ಈಗೀಗ ಸಂಜೆ ಏಳಕ್ಕೆ ಯಂತ್ರ ನಿಂತ ಮೇಲೆ, ಮಾಲೀಕರು ಲೆಕ್ಕ ಬರೆಯುವ ಅರ್ಧ ಗಂಟೆ ನನ್ನದು. ಪರದೆಯನ್ನು ನೆಟ್ಟಗೆ ನಿಲ್ಲಿಸಿ ವಿಂಡೋಸ್‌ನಲ್ಲಿ ದಿಕ್ಕು ಬದಲಿಸಿದರೆ ಆಟ ಮೇಲಿನಿಂದ ಕೆಳಗಿನವರೆಗೆ ತುಂಬಿಕೊಳ್ಳುತ್ತದೆ. ಹಳೆಯ ಪೆಟ್ಟಿಗೆಯ ಮುಂದೆ ನಿಂತ ಹಾಗೆಯೇ. ಆಮೇಲೆ ಮರಳಿ ತಿರುಗಿಸುವುದನ್ನು ಮರೆತು ಮರುದಿನ ಬೈಸಿಕೊಂಡದ್ದೂ ಉಂಟು.

ಜಾಹೀರಾತಿನ ತಾಣಗಳಿಂದ ದೂರವಿರಿ ಎಂದು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಹಾಗಾಗಿ ನಡೆದದ್ದನ್ನೇ ಹೇಳುತ್ತೇನೆ. ಒಂದು ತಾಣದಲ್ಲಿ ಆರಂಭಿಸುವ ಗುಂಡಿಯಂತೆಯೇ ಕಾಣುವ ಮೂರು ಗುಂಡಿಗಳಿದ್ದವು. ನಾನು ಒತ್ತಿದ್ದು ಸೂಚನೆ ಕಳುಹಿಸಲು ಅನುಮತಿ ಕೊಡುವುದು. ಮರುದಿನ ಬೆಳಗ್ಗೆ ಮಗಳ ಮದುವೆಯ ಕರೆಯೋಲೆ ನೋಡಲು ಹಿರಿಯರೊಬ್ಬರು ಬಂದರು. ಪರದೆಯ ಮೇಲೆ ಗಣಪತಿ, ಕೆಳಗೆ 'ಶ್ರೀಮತಿ ಮತ್ತು ಶ್ರೀ', ಬಲಮೂಲೆಯಲ್ಲಿ ನಿಮ್ಮ ಕಂಪ್ಯೂಟರ್‌ನಲ್ಲಿ ಹದಿಮೂರು ವೈರಸ್ ಎಂಬ ಕೆಂಪು ಚೀಟಿ, ಅದರ ಹಿಂದೆಯೇ ಹೇಳಲು ನಾಚಿಕೆಯಾಗುವ ಇನ್ನೊಂದು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು, 'ಮುಹೂರ್ತದ ಸಮಯ ಒಂದು ಸಲ ಸರಿಯಾಗಿ ನೋಡಿಬಿಡಿ' ಎಂದಷ್ಟೇ ಹೇಳಿದರು. ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಆ ಅನುಮತಿಯನ್ನು ತೆಗೆದುಹಾಕಿದ ಮೇಲೆ ಕಾಟ ನಿಂತಿತು.

ಡೇಟಾ ಖರ್ಚಿನ ಚಿಂತೆ ಬೇಡ. ಪ್ಯಾಕ್-ಮ್ಯಾನ್‌ನ ಇಡೀ ಪ್ರೋಗ್ರಾಂ 16 ಕಿಲೋಬೈಟ್. ನಾವು ಕರೆಯೋಲೆಯ ತಲೆಯ ಮೇಲೆ ಕೂರಿಸುವ ಗಣಪತಿಯ ಚಿತ್ರ ಅದರ ಹತ್ತಾರು ಪಟ್ಟು ದೊಡ್ಡದು. ಎಮ್ಯುಲೇಟರ್ ಮಾತ್ರ ಕೆಲವು ಎಂ.ಬಿ. ಎಳೆಯುತ್ತದೆ. ಒಮ್ಮೆ ಇಳಿದ ಮೇಲೆ ಇಂಟರ್‌ನೆಟ್ ಹೋದರೂ ಆಟ ನಿಲ್ಲುವುದಿಲ್ಲ. ಆಟವನ್ನು ದೂರದ ಸರ್ವರ್‌ನಲ್ಲಿ ಓಡಿಸಿ ಚಿತ್ರವನ್ನು ಮಾತ್ರ ಕಳುಹಿಸುವ ಸೇವೆಗಳೂ ಇವೆ. ಅಲ್ಲಿ ನಿಮ್ಮ ಪ್ರತಿ ತಿರುವೂ ಅಲ್ಲಿಗೆ ಹೋಗಿ ಬರಬೇಕು. ನನಗೆ ಒಗ್ಗಲಿಲ್ಲ. ಹಕ್ಕಿನ ಪ್ರಶ್ನೆಯನ್ನೂ ಮುಚ್ಚಿಡಬಾರದು: ಈ ಆಟಗಳು ಹಳೆಯವಾದರೂ ಅನಾಥವಲ್ಲ, ಬಹುಪಾಲಿಗೆ ಕೃತಿಸ್ವಾಮ್ಯ ಇನ್ನೂ ಇದೆ. ಕಂಪನಿಗಳೇ ಮಾರುವ ಸಂಗ್ರಹದಲ್ಲಿ ನಿಮಗೆ ಬೇಕಾದ ಆಟ ಸಿಕ್ಕರೆ ಕೊಂಡು ಆಡಿ.

ಇಷ್ಟೆಲ್ಲ ಸರಿಹೋದ ಮೇಲೂ ಮೂರನೇ ತಿಂಗಳಿಗೆ ನನಗೆ ಬೇಸರ ಹತ್ತಿತು. ಆಟ ಕೆಟ್ಟಿರಲಿಲ್ಲ, ಕೆಟ್ಟಿದ್ದು ಆ 5. ಮುಸ್ತಫಾ ಸತ್ತರೆ 5, ಮತ್ತೆ ಸತ್ತರೆ ಮತ್ತೆ 5. ಗಲ್ಲಿಯ ಅಂಗಡಿಯಲ್ಲಿ ಎಂದೂ ಕಾಣದ ಕೊನೆಯ ಹಂತವನ್ನು ಒಂದೇ ಭಾನುವಾರ ಮುಗಿಸಿದೆ. ಊಟಕ್ಕೆ ಏಳುವಾಗ ಏನು ನೋಡಿದೆನೆಂದು ನೆನಪಿರಲಿಲ್ಲ. ಈ ಆಟಗಳನ್ನು ಕಟ್ಟಿದ್ದೇ ಮೂರು ನಿಮಿಷದಲ್ಲಿ ನಿಮ್ಮನ್ನು ಕೊಂದು ಇನ್ನೊಂದು ನಾಣ್ಯ ಕೇಳುವುದಕ್ಕೆ. ಆ ನಾಣ್ಯ ಹಾಕುವುದೋ ಬೇಡವೋ ಎಂದು ಜೇಬಿನೊಳಗೆ ಬೆರಳಾಡಿಸುತ್ತಿದ್ದೆವಲ್ಲ, ಅದೂ ಆಟದ ಭಾಗವೇ ಆಗಿತ್ತು. ಅದನ್ನು ಯಾವ ಎಮ್ಯುಲೇಟರ್ ಕೊಟ್ಟೀತು? ಇದಕ್ಕಾಗಿ ಐದರಲ್ಲಿ ಒಂದು ಅಂಕ ಕಳೆಯುತ್ತೇನೆ, ತಪ್ಪು ಅದರದಲ್ಲ ಎಂದು ಗೊತ್ತಿದ್ದರೂ.

ಈಗ ಮಾನಿಟರ್ ಪಕ್ಕದಲ್ಲಿ ಖಾಲಿ ಹಾರ್ಲಿಕ್ಸ್ ಡಬ್ಬಿಯಿದೆ. 5 ಒತ್ತುವ ಮುನ್ನ ಒಂದು ರೂಪಾಯಿ ಅದರೊಳಗೆ ಬೀಳಬೇಕು, ದಿನಕ್ಕೆ ಎರಡೇ. ಚಿಲ್ಲರೆ ಇಲ್ಲದ ದಿನ ಆಟವಿಲ್ಲ. ಎಲ್ಲರೂ ಫೋನ್‌ನಲ್ಲೇ ಹಣ ಕೊಡುವ ಈ ಕಾಲದಲ್ಲಿ ಅಂಥ ದಿನಗಳು ಹೆಚ್ಚುತ್ತಿವೆ, ದೇವರಾಜ ಮಾರುಕಟ್ಟೆಯ ಹೂವಿನವರ ಹತ್ತಿರ ಹೋಗಿ ನೋಟು ಮುರಿಸಿಕೊಂಡು ಬರುತ್ತೇನೆ. ಬ್ರೌಸರ್ ಮುಚ್ಚಿದರೆ ಗರಿಷ್ಠ ಅಂಕ ಅಳಿಸಿಹೋಗುತ್ತದೆ. ಮೂಲ ಪ್ಯಾಕ್-ಮ್ಯಾನ್ ಯಂತ್ರವೂ ಕರೆಂಟ್ ಹೋದರೆ ಎಲ್ಲವನ್ನೂ ಮರೆಯುತ್ತಿತ್ತು, ಹಾಗಾಗಿ ಇದನ್ನು ದೋಷವೆನ್ನಲಾರೆ. ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರ್‌ನ ಆಯಾ ದಿನದ ಚೌಕದಲ್ಲಿ, ರಾಹುಕಾಲದ ಕೆಳಗೆ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ. ಹದಿಮೂರನೇ ಹಂತದಿಂದ, ಹೆಚ್ಚುವರಿ ಅಂಕ ಕೊಡುವ ಹಣ್ಣಿನ ಜಾಗದಲ್ಲಿ ಬೀಗದಕೈ ಕಾಣಿಸಿಕೊಳ್ಳುತ್ತದೆ. ಈ ನಾಲ್ಕು ವರ್ಷದಲ್ಲಿ ಅದನ್ನು ಮೂರು ಸಲ ಕಂಡಿದ್ದೇನೆ, ಒಮ್ಮೆಯೂ ತಿಂದಿಲ್ಲ. ಮೊನ್ನೆಯ ಚೌಕದಲ್ಲಿ 94,320 ಎಂದಿದೆ. ಪಕ್ಕದಲ್ಲಿ ಮಾಲೀಕರ ಕೈಬರಹ: 'ನಾಳೆ ರಸೀದಿ ಪುಸ್ತಕ ಮುಗಿಯಲೇಬೇಕು.'