ಮಂಟಪದ ಕೆಳಗಿನಿಂದ: ನಿಕಾನ್ 85 ಎಂಎಂ ಎಫ್/1.8ಜಿ ಲೆನ್ಸ್ ಹಿಡಿದು ಆರು ಮದುವೆ ಸೀಸನ್

ಈ ಲೆನ್ಸ್ ಕೊಂಡದ್ದು ಒಬ್ಬ ಅಜ್ಜಿಯ ಮಾತಿಗೆ.

ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರದ ಹಳ್ಳಿಯಲ್ಲಿ ಮನೆ ಮದುವೆ. ಅಂಗಳಕ್ಕೆ ಚಪ್ಪರ, ಮೇಲೆ ಅಡಿಕೆ ಸೋಗೆ. ಆಗ ನನ್ನ ಹತ್ತಿರ ಇದ್ದದ್ದು 35 ಮತ್ತು 50 ಎಂಎಂ, ಎರಡೇ ಲೆನ್ಸ್. ಧಾರೆಯ ಹೊತ್ತಿಗೆ ಗಿಂಡಿಯಿಂದ ನೀರು ಬೀಳುವುದು ಸರಿಯಾಗಿ ಸಿಗಲಿ ಎಂದು ಮಂಟಪಕ್ಕೇ ಹತ್ತಿ ಮದುಮಗಳ ಅಪ್ಪನ ಪಕ್ಕದಲ್ಲಿ ನಿಂತೆ. ಫೋಟೋ ಸಿಕ್ಕಿತು. ಊಟದ ಪಂಕ್ತಿ ಏಳುವಾಗ ಮದುಮಗಳ ಅಜ್ಜಿ ನನ್ನನ್ನು ಹತ್ತಿರ ಕರೆದರು. ಸಿಟ್ಟು ಇರಲಿಲ್ಲ. "ಮೊಮ್ಮಗಳ ಧಾರೆ ನೋಡೋಕೆ ಅಂತ ಬೆಳಗಿಂದ ಮುಂದಿನ ಕುರ್ಚಿ ಬಿಟ್ಟು ಎದ್ದಿಲ್ಲ ಮಗಾ. ಕಡೆಗೆ ನಿನ್ನ ಬೆನ್ನು ನೋಡ್ದೆ" ಅಂದರು.

ಆ ರಾತ್ರಿ ಕಾರ್ಡ್ ಖಾಲಿ ಮಾಡುವಾಗ ಧಾರೆಯ ಫೋಟೋ ತೆರೆದು ಬಹಳ ಹೊತ್ತು ಕೂತಿದ್ದೆ. ನೀರಿನ ಎಳೆ, ಅಪ್ಪನ ಕೈ, ಮದುಮಗಳ ಬಗ್ಗಿದ ತಲೆ ಎಲ್ಲ ಚೆನ್ನಾಗಿತ್ತು. ಆದರೆ ಆ ಚಿತ್ರಕ್ಕಾಗಿ ನಾನು ನಿಂತ ಜಾಗ ನನ್ನದಾಗಿರಲಿಲ್ಲ. ತಿಂಗಳೊಳಗೆ, ದೂರ ನಿಂತೇ ಹತ್ತಿರದಂತೆ ತೆಗೆಯಬಲ್ಲ 85 ಎಂಎಂ ಹುಡುಕತೊಡಗಿದೆ. ಬೆಂಗಳೂರಿನಲ್ಲಿ ಕೆಲಸ ಬದಲಿಸುತ್ತಿದ್ದ ಫೋಟೋಗ್ರಾಫರ್ ಒಬ್ಬರಿಂದ ಬಳಸಿದ್ದು 19 ಸಾವಿರಕ್ಕೆ ಸಿಕ್ಕಿತು.

ನಿಕಾನ್ ಇದನ್ನು ಪ್ರಕಟಿಸಿದ್ದು 2012ರ ಜನವರಿಯಲ್ಲಿ. ತೂಕ 350 ಗ್ರಾಂ, ಫಿಲ್ಟರ್ ಅಳತೆ 67 ಎಂಎಂ, ಒಳಗೆ ಏಳು ಬ್ಲೇಡಿನ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ. ನಾನು ಹಾಕುವುದು 24 ಮೆಗಾಪಿಕ್ಸೆಲ್‌ನ, ದೊಡ್ಡ ಸೆನ್ಸರಿನ (ಫುಲ್ ಫ್ರೇಮ್) ನಿಕಾನ್ ಡಿ750ಗೆ. ಅದೂ 2014ರ ಕ್ಯಾಮೆರಾ, ಹಳೆಯದೇ. ಎರಡು ಕಾರ್ಡ್ ಹಾಕಿ ಎರಡರಲ್ಲೂ ಒಂದೇ ಫೋಟೋ ಬರೆಸಬಹುದು ಎಂಬ ಒಂದೇ ಕಾರಣಕ್ಕೆ ನಾನು ಇನ್ನೂ ಬಿಟ್ಟಿಲ್ಲ. ಮದುವೆ ಮತ್ತೊಮ್ಮೆ ಆಗುವುದಿಲ್ಲವಲ್ಲ.

ಈ ಲೆನ್ಸ್ ಹಾಕಿ ಐದು ಮೀಟರ್ ದೂರ ನಿಂತರೆ ಫ್ರೇಮಿನ ಅಗಲಕ್ಕೆ ಎರಡು ಮೀಟರಿಗಿಂತ ತುಸು ಹೆಚ್ಚು ಬರುತ್ತದೆ. ಅಂದರೆ ಮದುಮಕ್ಕಳು, ಅತ್ತಿತ್ತ ಅಪ್ಪ ಅಮ್ಮ. ಮೂರು ಮೀಟರಿಗೆ ಬಂದರೆ ಒಂದೂಕಾಲು ಮೀಟರ್, ಇಬ್ಬರ ಎದೆಮಟ್ಟ. ಇವೆರಡನ್ನು ತಲೆಯಲ್ಲಿ ಇಟ್ಟುಕೊಂಡೇ ನಾನು ಮುಹೂರ್ತಕ್ಕೆ ಅರ್ಧ ಗಂಟೆ ಮೊದಲು ಜಾಗ ನೋಡುತ್ತೇನೆ. ಸಾಮಾನ್ಯವಾಗಿ ಮಂಟಪದ ಎಡಮೂಲೆಯ ಕಂಬದ ಕೆಳಗೆ, ಮುಂದಿನ ಸಾಲಿನ ಕುರ್ಚಿಗಳಿಗೆ ಅಡ್ಡವಾಗದಂತೆ. ಪುರೋಹಿತರಿಗೆ ಮೊದಲೇ ಹೇಳಿಟ್ಟಿರುತ್ತೇನೆ. ಗಟ್ಟಿಮೇಳ ಶುರುವಾಗಿ ಅಂತರಪಟ ಇಳಿದು ಜೀರಿಗೆ ಬೆಲ್ಲ ಹಾರುವಾಗ ಇಡೀ ಛತ್ರ ಎದ್ದು ನಿಲ್ಲುತ್ತದೆ. ಆಗ ಕೆಳಗಿನಿಂದ ನನಗೆ ಬೇಕಾದ ಸೀಳು ಸಿಗುವುದು ಒಂದೆರಡು ಅಡಿಯಷ್ಟೇ. ಮದುಮಗಳ ಕಣ್ಣು ಮೊದಲ ಸಲ ಮೇಲೇಳುವುದು ಆ ಸೀಳಿನಲ್ಲಿ ಕಾಣುತ್ತದೆ. ಹತ್ತಿರ ನಿಂತಿದ್ದಾಗ ಆ ಕಣ್ಣು ಹುಡುಗನನ್ನು ಬಿಟ್ಟು ನನ್ನ ಲೆನ್ಸಿಗೆ ಬರುತ್ತಿತ್ತು. ಅದು ನಿಂತದ್ದೇ ನನಗಾದ ದೊಡ್ಡ ಲಾಭ.

ಫೋಕಸ್ ಮೋಟರಿಗೆ ಸದ್ದಿಲ್ಲ. ಮಂತ್ರ ನಡೆಯುವಾಗ ಕೇಳುವುದು ಶಟರ್ ಮಾತ್ರ. ವೇಗದಲ್ಲಿ ಇದು ಎಲ್ಲಕ್ಕಿಂತ ಮುಂದೆ ಎನ್ನಲಾರೆ. ಆದರೂ ಮಂಟಪದ ಬೆಳಕಿಗೆ ಸಾಕು. ಓಕುಳಿಗೆ, ನಾದಸ್ವರದ ಹಿಂದೆ ಓಡುವ ಮಕ್ಕಳಿಗೆ ಸಾಲದು. ಅಲ್ಲಿ 35 ಎಂಎಂ ಇರುವ ಇನ್ನೊಂದು ಕ್ಯಾಮೆರಾ ಎತ್ತಿಕೊಳ್ಳುತ್ತೇನೆ.

ಇನ್ನು ಎಫ್/1.8ರ ವಿಷಯ. ಈ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಬೆಳಕು ಹೆಚ್ಚು, ಸ್ಪಷ್ಟವಾಗಿ ಕಾಣುವ ಆಳ ಕಡಿಮೆ. ಹೊಸದಾಗಿ ಕೊಂಡವರೆಲ್ಲ ಮೊದಲ ವಾರ ಎಲ್ಲವನ್ನೂ 1.8ರಲ್ಲೇ ತೆಗೆಯುತ್ತಾರೆ, ನಾನೂ ತೆಗೆದೆ. ಹಿಂದಿನ ಸೀರಿಯಲ್ ಸೆಟ್ಟಿನ ದೀಪಗಳೆಲ್ಲ ದುಂಡಗೆ ಕರಗಿ, ನೋಡಲು ಹಬ್ಬ. ಆದರೆ ಎರಡು ಮೀಟರ್ ದೂರದಲ್ಲಿ 1.8ಕ್ಕೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಆರು ಸೆಂಟಿಮೀಟರ್. ಇನ್ನೂ ಹತ್ತಿರ ಹೋಗಿ 1.2 ಮೀಟರಿಗೆ ಬಂದರೆ ಎರಡು ಸೆಂಟಿಮೀಟರ್. ಅಷ್ಟರಲ್ಲಿ ಒಂದು ಮುಖ ಕೂಡ ಪೂರ್ತಿ ನಿಲ್ಲುವುದಿಲ್ಲ. ಒಂದು ಮದುವೆಯಲ್ಲಿ ಮದುಮಗಳ ತಾಯಿ, ಮಗಳನ್ನು ಕಳಿಸಿಕೊಡುವ ಹೊತ್ತಿಗೆ ಬಾಗಿಲಿಗೆ ಒರಗಿ ನಿಂತಿದ್ದರು. ಕಣ್ಣು ತುಂಬಿತ್ತು. ತೆಗೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಮೂಗುತಿಯ ಹರಳು ಎಣಿಸುವಷ್ಟು ಚೂಪು, ಕಣ್ಣು ಮಂಜು. ಆ ಫೋಟೋ ಅವರಿಗೆ ಕೊಟ್ಟೆ, ಅವರಿಗೆ ಇಷ್ಟವೇ ಆಯಿತು. ನನಗೆ ಇವತ್ತಿಗೂ ಅದು ತಪ್ಪಿಹೋದ ಫೋಟೋ.

ತಪ್ಪು ಎಲ್ಲಾಯಿತು ಎಂದು ಆಮೇಲೆ ತಿಳಿಯಿತು. ಡಿ750ರಲ್ಲಿ 51 ಫೋಕಸ್ ಪಾಯಿಂಟ್ ಇದ್ದರೂ ಎಲ್ಲವೂ ಫ್ರೇಮಿನ ನಡುವೆ ಗುಂಪಾಗಿವೆ. ಕ್ಯಾಮೆರಾ ಉದ್ದಕ್ಕೆ ಹಿಡಿದರೆ ಕಣ್ಣು ಬರುವ ಜಾಗದಲ್ಲಿ ಪಾಯಿಂಟ್ ಇಲ್ಲ. ನಡುವಿನ ಪಾಯಿಂಟಿನಿಂದ ಕಣ್ಣು ಹಿಡಿದು ಆಮೇಲೆ ಫ್ರೇಮ್ ಸರಿಸಿದರೆ, ಸರಿಸುವಷ್ಟರಲ್ಲಿ ಆ ಎರಡು ಮೂರು ಸೆಂಟಿಮೀಟರ್ ಕಳೆದುಹೋಗುತ್ತದೆ. ಅಂದಿನಿಂದ ಒಬ್ಬರ ಮುಖಕ್ಕೆ ಎಫ್/2.5, ಇಬ್ಬರಿದ್ದರೆ 3.5. ಮೇಲಿನ ಕೊನೆಯ ಪಾಯಿಂಟನ್ನೇ ಕಣ್ಣಿಗಿಟ್ಟು, ತಲೆಯ ಮೇಲೆ ಜಾಗ ಜಾಸ್ತಿ ಬಿಟ್ಟು ತೆಗೆದು ಆಮೇಲೆ ಕತ್ತರಿಸುತ್ತೇನೆ. 1.8 ಇಟ್ಟುಕೊಂಡಿರುವುದು ಕರೆಂಟ್ ಹೋದಾಗಿನ ದೀಪದ ಬೆಳಕಿಗೆ ಮಾತ್ರ.

ಛತ್ರದ ಎಲ್ಇಡಿ ಬಗ್ಗೆಯೂ ಹೇಳಬೇಕು, ಏಕೆಂದರೆ ಇದನ್ನು ಲೆನ್ಸಿನ ದೋಷ ಎಂದುಕೊಂಡು ನನಗೆ ಫೋನ್ ಮಾಡಿದವರಿದ್ದಾರೆ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಲೆನ್ಸಿನಲ್ಲಿ ಬೆಳಕು ಧಾರಾಳ ಸಿಗುತ್ತದೆಂದು ಶಟರ್ ವೇಗವನ್ನು 1/500 ಸೆಕೆಂಡಿಗೆ ಏರಿಸಿದರೆ ಫೋಟೋದ ಮೇಲೆ ಕಪ್ಪು ಪಟ್ಟೆ ಬೀಳುತ್ತದೆ, ಒಂದು ಫೋಟೋದಲ್ಲಿ ಸೀರೆ ಹಳದಿ, ಮುಂದಿನದರಲ್ಲಿ ಕಿತ್ತಳೆ. 1/100ಕ್ಕೆ ಇಳಿಸಿ. ಆಗ ಕೈ ಗಟ್ಟಿ ಇರಬೇಕು, ಈ ಲೆನ್ಸಿನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇಲ್ಲ. ನಾನು ಕಂಬಕ್ಕೆ ಹೆಗಲು ಕೊಟ್ಟು, ಉಸಿರು ಬಿಟ್ಟು ಒತ್ತುತ್ತೇನೆ.

ಇದರ ನಿಜವಾದ ಕುಂದು ಮಲ್ಲಿಗೆಯಲ್ಲಿ ಕಾಣುತ್ತದೆ. ಮದುಮಗಳನ್ನು ಹಿಂದಿನಿಂದ, ಜಡೆಯ ತುಂಬ ಮಲ್ಲಿಗೆ ಮುಡಿದು ಕೂತಿರುವಾಗ 1.8ರಲ್ಲಿ ತೆಗೆದು ನೋಡಿ. ಫೋಕಸ್ ಆದ ಮೊಗ್ಗು ಹಾಲಿನಂತೆ ಬಿಳಿ. ಅದಕ್ಕಿಂತ ಮುಂದಿರುವ ಮೊಗ್ಗಿನ ಅಂಚಿಗೆ ನೇರಳೆ ಛಾಯೆ, ಹಿಂದಿರುವುದಕ್ಕೆ ಹಸಿರು. ಕಪ್ಪು ಕೂದಲಿನ ಎದುರು ಅದು ಎದ್ದು ಕಾಣುತ್ತದೆ. ಸೀರೆಯ ಜರಿ ಅಂಚಿನಲ್ಲೂ, ಬಾಸಿಂಗದ ಮಣಿಯಲ್ಲೂ ಹಾಗೆಯೇ. ಎಫ್/4ಕ್ಕೆ ಹೋದರೆ ಬಹುಪಾಲು ಹೋಗುತ್ತದೆ. ಕಂಪ್ಯೂಟರಿನಲ್ಲಿ ಅಳಿಸಲೂಬಹುದು, ಆದರೆ ನೇರಳೆ ಅಳಿಸಲು ಹೋಗಿ ಮದುಮಗಳ ನೇರಳೆ ರವಿಕೆಯ ಬಣ್ಣವೂ ಸತ್ತದ್ದನ್ನು ನಾನು ಕಂಡಿದ್ದೇನೆ. ಹಾಗಾಗಿ ಜಡೆ, ಹೂವು, ಮೆಹಂದಿಯ ಕೈಗೆ ಮೊದಲೇ ಎಫ್/4.

ಎರಡನೆಯದು, 0.8 ಮೀಟರಿಗಿಂತ ಹತ್ತಿರ ಇದು ಫೋಕಸ್ ಆಗುವುದಿಲ್ಲ. ಅಷ್ಟು ಹತ್ತಿರದಲ್ಲೂ ಫ್ರೇಮಿನ ಅಗಲಕ್ಕೆ 29 ಸೆಂಟಿಮೀಟರಿನಷ್ಟು ಬರುತ್ತದೆ. ತೆಂಗಿನಕಾಯಿಯ ಮೇಲಿಟ್ಟ ಮಾಂಗಲ್ಯ ತೆಗೆಯಲು ಹೊರಟರೆ ಕಾಯಿ, ಅಕ್ಷತೆ, ತಟ್ಟೆ ಎಲ್ಲ ಬಂದು ಮಾಂಗಲ್ಯ ಎಲ್ಲೋ ನಡುವೆ ಪುಟ್ಟದಾಗಿ ಕೂರುತ್ತದೆ. ಒಡವೆ ತೆಗೆಯುವುದಿದ್ದರೆ ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಬೇರೆ ಬೇಕು. ಮಲೆನಾಡಿನ ಹಳೆ ಮನೆಗಳ ಕತ್ತಲೆ ಕೋಣೆಯಲ್ಲಿ ಮದುಮಗಳಿಗೆ ಸೀರೆ ಉಡಿಸುವಾಗಲೂ ಇದು ಉಪಯೋಗಕ್ಕಿಲ್ಲ. ಹೆಂಗಸು ಎಂದು ನನ್ನನ್ನು ಒಳಗೆ ಬಿಡುತ್ತಾರೆ, ಆದರೆ ಗೋಡೆ ಹಿಂದಕ್ಕೆ ಸರಿಯುವುದಿಲ್ಲ. ನಿಂತ ಆಳನ್ನು ತಲೆಯಿಂದ ಪಾದದವರೆಗೆ ಹಿಡಿಯಲು ನಾಲ್ಕೂವರೆ ಮೀಟರ್ ದೂರ ಬೇಕು. ಸಣ್ಣ ಸೆನ್ಸರಿನ ಕ್ಯಾಮೆರಾ ಇದ್ದವರಿಗೆ ಆರೂವರೆ ಮೀಟರ್ ದಾಟುತ್ತದೆ. ಅಂಥವರು 50 ಎಂಎಂ ಕೊಂಡರೆ ಒಳ್ಳೆಯದು, ಇದನ್ನು ಆಮೇಲೆ ನೋಡಬಹುದು.

ಪೋರ್ಟ್ರೇಟಿಗೆ ಮಾತ್ರ ನಾನು ಇದನ್ನು ಬಿಟ್ಟು ಬೇರೆ ಹಾಕುವುದೇ ಕಡಿಮೆ. ಹೋದ ವರ್ಷ ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜನ ಫೋಟೋ ತೆಗೆಯಬೇಕಿತ್ತು. ಮಕ್ಕಳು ಮೊಬೈಲಿನಲ್ಲಿ ತೆಗೆದದ್ದನ್ನು ತೋರಿಸಿದರು, ಅವರಿಗೆ ಒಂದೂ ಹಿಡಿಸಿರಲಿಲ್ಲ. ಮೊಬೈಲಿನ ಲೆನ್ಸ್ ಅಗಲ, ಮುಖ ತುಂಬಬೇಕೆಂದರೆ ಮೊಳದಷ್ಟು ಹತ್ತಿರ ಹೋಗಬೇಕು. ಆಗ ಮೂಗು ಉಬ್ಬುತ್ತದೆ, ಕಿವಿ ಹಿಂದೆ ಹೋಗುತ್ತದೆ, ಅಜ್ಜ ಅಜ್ಜನ ಹಾಗೆ ಕಾಣುವುದಿಲ್ಲ. ನಾನು ಜಗಲಿಯ ಕಂಬದ ಪಕ್ಕ, ಅಂಗಳದ ಬೆಳಕು ಒಂದು ಕೆನ್ನೆಗೆ ಬೀಳುವಂತೆ ಅವರನ್ನು ಕೂರಿಸಿ ಮೆಟ್ಟಿಲ ಕೆಳಗೆ ಮೂರು ಮೀಟರ್ ದೂರ ಹೋದೆ. ಅಷ್ಟು ದೂರ ಹೋದವಳನ್ನು ಅವರು ಕ್ಯಾಮೆರಾದವಳು ಎಂದುಕೊಳ್ಳಲಿಲ್ಲ. ಕವಳದ ತಟ್ಟೆ ಎಳೆದುಕೊಂಡರು. ಎಲೆಯ ನಾರು ತೆಗೆದು, ಬೆರಳ ತುದಿಯಲ್ಲಿ ಸುಣ್ಣ ಸವರಿ, ಅಡಿಕೆ ಹೋಳು ಇಟ್ಟು ಮಡಿಸಿದರು. ಬಾಯಿಗೆ ಹಾಕುವ ಮೊದಲು ತೋಟದ ಕಡೆ ಒಮ್ಮೆ ನೋಡಿದರು. ಅದೇ ಫೋಟೋ. ಎಫ್/2.8, 1/250, ಐಎಸ್‌ಒ 800. ಬೆರಳ ತುದಿಯ ಸುಣ್ಣ ಕೂಡ ಕಾಣುತ್ತದೆ. ಅದನ್ನು ನೋಡಿ "ಇದು ನಾನು" ಅಂದರು, ಅಷ್ಟೇ.

ಇದರ ದೊಡ್ಡಣ್ಣ ಎಫ್/1.4ಜಿ ಕೊಳ್ಳಬೇಕೇ ಎಂದು ಕೇಳುತ್ತಾರೆ. ಅದು 595 ಗ್ರಾಂ. ಬೆಳಗಿನ ದೇವತಾ ಪ್ರಾರ್ಥನೆಯಿಂದ ರಾತ್ರಿಯ ಆರತಕ್ಷತೆಯವರೆಗೆ ಹದಿನಾಲ್ಕು ಗಂಟೆ ಎರಡು ಕ್ಯಾಮೆರಾ ನೇತುಹಾಕಿಕೊಳ್ಳುವ ನನಗೆ ಆ ತೂಕ ಬೇಡ, ಬೆಲೆಯೂ ಬೇಡ. ನಿಕಾನ್‌ನ ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಝಡ್ ಕ್ಯಾಮೆರಾಗೆ ಹೋದವರು ಇದನ್ನು ಹಳೆ ಲೆನ್ಸ್ ಜೋಡಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿ ಬಳಸಬಹುದು, ಆಟೋಫೋಕಸ್ ನಡೆಯುತ್ತದೆ, ಫೋಕಸ್ ಪಾಯಿಂಟ್ ಅಂಚಿನವರೆಗೂ ಹರಡಿರುವುದರಿಂದ ನಾನು ಮೇಲೆ ಹೇಳಿದ ಕಣ್ಣಿನ ಕಷ್ಟವೂ ತಪ್ಪುತ್ತದೆ. ಆದರೆ ಅಡಾಪ್ಟರಿನ 135 ಗ್ರಾಂ ಸೇರಿದರೆ ತೂಕ 470 ಗ್ರಾಮಿನ ಹೊಸ ಝಡ್ 85 ಎಂಎಂ ಎಫ್/1.8 ಲೆನ್ಸಿನಷ್ಟೇ ಆಗುತ್ತದೆ. ದುಡ್ಡಿದ್ದರೆ ಅದನ್ನೇ ಕೊಳ್ಳಿ, ಮಲ್ಲಿಗೆ ಅದರಲ್ಲಿ ಬಹಳ ಶುದ್ಧ.

ಬಳಸಿದ್ದನ್ನು ಕೊಳ್ಳುವವರು ಒಂದು ಕೆಲಸ ತಪ್ಪದೆ ಮಾಡಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅದರ ನಡುವೆ ಆಷಾಢದಲ್ಲಿ ಮದುವೆಯೂ ಇಲ್ಲ. ಚೀಲ ಕಪಾಟಿನಲ್ಲೇ ಇರುತ್ತದೆ. ನನ್ನ ಮೊದಲ 50 ಎಂಎಂ ಹಾಗೇ ಹೋಯಿತು. ಶ್ರಾವಣದಲ್ಲಿ ತೆಗೆದು ನೋಡಿದರೆ ಒಳಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟು. ಅಕ್ಕಿ ಡಬ್ಬಿಯಲ್ಲಿ ಇಟ್ಟರೆ ಸಾಕು ಎಂದು ಯಾರೋ ಹೇಳಿದ್ದರು, ಅದರಿಂದ ಒಳಗೆ ಹಿಟ್ಟಿನ ಧೂಳು ಸೇರಿತೇ ಹೊರತು ಬೂಷ್ಟು ನಿಲ್ಲಲಿಲ್ಲ. ಈಗ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಒಳಗೆ ತೇವಾಂಶ ತೋರಿಸುವ ಪುಟ್ಟ ಮೀಟರು, ನೀಲಿ ಸಿಲಿಕಾ ಜೆಲ್. ಮೀಟರು 40ರಿಂದ 50ರ ನಡುವೆ ಇರಬೇಕು. ಹರಳು ಗುಲಾಬಿಗೆ ತಿರುಗಿದರೆ ಅಡುಗೆಗೆ ಬಳಸದ ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡುತ್ತೇನೆ. ಕೊಳ್ಳಲು ಹೋದಾಗ ಹಿಂದಿನ ಮುಚ್ಚಳ ತೆಗೆದು, ಮೊಬೈಲ್ ಟಾರ್ಚನ್ನು ಹಿಂಬದಿಯಿಂದ ಓರೆಯಾಗಿ ಹಿಡಿದು ಮುಂದಿನ ಗಾಜಿನ ಮೂಲಕ ನೋಡಿ. ಧೂಳಿನ ಕಣ ನಾಲ್ಕಾರು ಇದ್ದರೆ ಇರಲಿ, ಫೋಟೋದಲ್ಲಿ ಕಾಣುವುದಿಲ್ಲ. ಅಂಚಿನಲ್ಲಿ ನೂಲಿನಂಥ ಬಿಳಿ ಎಳೆ ಒಂದೇ ಒಂದು ಕಂಡರೂ, ಬೆಲೆ ಎಷ್ಟೇ ಇಳಿಸಿದರೂ ವಾಪಸು ಕೊಟ್ಟು ಬನ್ನಿ.