ಫೈಲ್ ನಕಲಿಸುವಾಗ ಪ್ರೊಸೆಸರ್ ದಣಿದರೆ ಮೊದಲು ಡಿಸ್ಕನ್ನೂ ಕೇಬಲನ್ನೂ ನೋಡಿ

ವಿಂಡೋಸ್ ಎಕ್ಸ್‌ಪಿ ಯಂತ್ರಗಳನ್ನು ಇನ್ನೂ ಉಳಿಸಿಕೊಂಡಿರುವ ಡಿಟಿಪಿ ಕೇಂದ್ರಗಳಿಗೂ ಮುದ್ರಣಾಲಯಗಳಿಗೂ ಈ ಬರಹ. ಯೂನಿಕೋಡ್ ಬರುವುದಕ್ಕೆ ಮುಂಚಿನ ಕನ್ನಡ ಫಾಂಟುಗಳನ್ನು ಬಳಸಿ ಪೇಜ್‌ಮೇಕರ್‌ನಲ್ಲಿ ಕಟ್ಟಿದ ಪುಟಗಳು ಹೊಸ ಯಂತ್ರದಲ್ಲಿ ನೆಟ್ಟಗೆ ತೆರೆದುಕೊಳ್ಳುವುದಿಲ್ಲವೆಂಬ ಒಂದೇ ಕಾರಣಕ್ಕೆ ಅಂಥ ಯಂತ್ರವೊಂದು ನಮ್ಮಲ್ಲಿಯೂ ಇತ್ತು. ಅದರಲ್ಲಿ ಒಂದು ಡಿಸ್ಕಿನಿಂದ ಮತ್ತೊಂದಕ್ಕೆ ಫೈಲುಗಳನ್ನು ನಕಲಿಸಲು ಹೊರಟರೆ ಪ್ರೊಸೆಸರ್ ಬಳಕೆ ಮೇಲೇರಿ ಅಲ್ಲಿಯೇ ನಿಲ್ಲುತ್ತಿತ್ತು, ಮೌಸ್ ತಡೆತಡೆದು ಚಲಿಸುತ್ತಿತ್ತು, ನಕಲು ಮುಗಿದೊಡನೆ ಎಲ್ಲವೂ ಮೊದಲಿನಂತಾಗುತ್ತಿತ್ತು.

ರಿಪೇರಿ ಅಂಗಡಿಯವರು ಮೊದಲು ವೈರಸ್ ಎಂದರು. ಆಂಟಿವೈರಸ್ ಹಾಕಿ ಹಣ ಪಡೆದರು. ಅದರಿಂದ ಏನೂ ಆಗದಿದ್ದಾಗ ಪ್ರೊಸೆಸರ್‌ಗೆ ವಯಸ್ಸಾಗಿದೆ, ಮದರ್‌ಬೋರ್ಡ್ ಸಮೇತ ಬದಲಿಸಬೇಕು ಎಂದರು. ನಾವು ಒಪ್ಪದಿದ್ದುದರಿಂದ ಡಿವೈಸ್ ಮ್ಯಾನೇಜರ್‌ನಲ್ಲಿ ಐಡಿಇ ಚಾನೆಲನ್ನು, ಅಂದರೆ ಹಳೆಯ ಬಗೆಯ ಡಿಸ್ಕ್ ಜೋಡಣೆಯ ನಮೂದನ್ನು, ಅಳಿಸಿ ಯಂತ್ರವನ್ನು ಮತ್ತೆ ಆರಂಭಿಸಿದರು. ವೇಗ ಒಮ್ಮೆಗೇ ಮರಳಿ ಬಂದಿತು, ಎಲ್ಲರಿಗೂ ಸಮಾಧಾನವಾಯಿತು. ಕೆಲವೇ ದಿನಗಳಲ್ಲಿ ಹಳೆಯ ರೋಗ ಮರುಕಳಿಸಿದಾಗ ಅದೇ ಅಂಗಡಿಯವರು ಬ್ಯಾಕಪ್ ತೆಗೆಯದೆಯೇ ಚೆಕ್‌ಡಿಸ್ಕ್ ಎಂಬ ವಿಂಡೋಸ್‌ನ ಡಿಸ್ಕ್ ತಪಾಸಣೆಯ ತಂತ್ರಾಂಶವನ್ನು ರಿಪೇರಿಯ ಆಯ್ಕೆಯೊಂದಿಗೆ ರಾತ್ರಿಯಿಡೀ ಓಡಿಸಿದರು. ಬೆಳಗ್ಗೆ ನೋಡಿದರೆ ಪುಟಗಳಿದ್ದ ಫೋಲ್ಡರುಗಳ ಜಾಗದಲ್ಲಿ ಹೆಸರಿಲ್ಲದ ಚೂರುಗಳನ್ನು ತುಂಬಿಕೊಂಡ ‘ಫೌಂಡ್’ ಫೋಲ್ಡರ್ ಒಂದಿತ್ತು. ಆಮೇಲೆ ಡಿಸ್ಕ್ ಬಹಳ ಕಾಲ ಬಾಳಲಿಲ್ಲ.

ನಿಜವಾಗಿ ಆಗುತ್ತಿದ್ದುದು ಹೀಗೆ. ಸಾಮಾನ್ಯ ಸ್ಥಿತಿಯಲ್ಲಿ ಹಾರ್ಡ್ ಡಿಸ್ಕ್ ಡಿಎಂಎ ಎಂಬ ವಿಧಾನದಲ್ಲಿ ಕೆಲಸ ಮಾಡುತ್ತದೆ. ಪ್ರೊಸೆಸರ್ ಆಜ್ಞೆಯನ್ನಷ್ಟೇ ಕೊಟ್ಟು ಸುಮ್ಮನಿರುತ್ತದೆ, ಮಾಹಿತಿ ನೇರವಾಗಿ ಮೆಮೊರಿಗೆ ಹರಿಯುತ್ತದೆ. ಆದರೆ ಕಾಲಮಿತಿ ಮೀರಿದ ಅಥವಾ ಸಿಆರ್‌ಸಿ (ಮಾಹಿತಿ ದಾರಿಯಲ್ಲಿ ಕೆಟ್ಟಿದೆಯೇ ಎಂದು ನೋಡುವ ತಾಳೆಸಂಖ್ಯೆ) ತಾಳೆಯಾಗದ ದೋಷಗಳು ಒಟ್ಟು ಆರು ಕೂಡಿದ ಮೇಲೆ ಎಕ್ಸ್‌ಪಿಯ ಐಡಿಇ ಡ್ರೈವರ್ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ, ದೋಷಗಳು ಮುಂದುವರಿದರೆ ಇನ್ನೂ ಇಳಿಸುತ್ತದೆ, ಕೊನೆಗೆ ಪಿಐಒ ಎಂಬ ಹಳೆಯ ವಿಧಾನಕ್ಕೆ ತಂದು ನಿಲ್ಲಿಸುತ್ತದೆ. ಅಲ್ಲಿ ಸಾಹುಕಾರನೇ ಮೂಟೆ ಹೊತ್ತಂತೆ ಪ್ರೊಸೆಸರ್ ತಾನೇ ಮಾಹಿತಿಯನ್ನು ಹೊರಬೇಕು: ಒಮ್ಮೆಗೆ 16 ಬಿಟ್ ಓದಿದರೆ, 512 ಬೈಟುಗಳ ಒಂದೊಂದು ಸೆಕ್ಟರಿಗೂ 256 ಸಲ ಓದಬೇಕಾಗುತ್ತದೆ. ಸೆಕೆಂಡಿಗೆ 100 ಮೆಗಾಬೈಟ್ ಸಾಗಿಸಬಲ್ಲ ದಾರಿ ಕಾಗದದ ಮೇಲೆಯೇ 16.6ಕ್ಕೆ ಇಳಿಯುತ್ತದೆ, ಬಳಕೆಯಲ್ಲಿ ಅದಕ್ಕಿಂತಲೂ ಕಡಿಮೆ.

ಚಾನೆಲ್ ಅಳಿಸುವ ಉಪಾಯ ಸುಳ್ಳಲ್ಲ, ಅದು ವೇಗವನ್ನು ನಿಜವಾಗಿಯೂ ಹಿಂದಿರುಗಿಸುತ್ತದೆ. ಆದರೆ ಅದರಿಂದ ಅಳಿಯುವುದು ದೋಷಗಳ ಲೆಕ್ಕವೇ ಹೊರತು ದೋಷವಲ್ಲ. ಆ ಆರು ದೋಷಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಯನ್ನು ಅಂಗಡಿಯವರು ಒಮ್ಮೆಯೂ ಕೇಳಲಿಲ್ಲ, ನನ್ನ ದೂರು ಇಷ್ಟೇ. ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ: ಡಿಎಂಎಯ ವೇಗದ ರೂಪವಾದ ಅಲ್ಟ್ರಾ ಡಿಎಂಎಯಲ್ಲಿ ಕೇಬಲಿನ ಮೇಲೆ ಹಾದುಹೋಗುವ ಮಾಹಿತಿಗೆ ಸಿಆರ್‌ಸಿ ಕಾವಲಿದೆ, ಪಿಐಒದಲ್ಲಿ ಆ ಕಾವಲಿಲ್ಲ. ಕೇಬಲ್ ಕೆಟ್ಟಿದ್ದರೆ ನಕಲಾದ ಫೈಲು ಯಾವ ಎಚ್ಚರಿಕೆಯೂ ಇಲ್ಲದೆ ಕೆಟ್ಟಿರಬಹುದು.

ಪತ್ತೆ ಮಾಡುವುದು ಕಷ್ಟವಲ್ಲ. ಟಾಸ್ಕ್ ಮ್ಯಾನೇಜರ್‌ನ ಪಟ್ಟಿಯಲ್ಲಿ ಹೊಣೆಗಾರ ತಂತ್ರಾಂಶ ಯಾವುದೂ ಕಾಣದೆ ಕರ್ನೆಲ್ ಸಮಯದ (ವಿಂಡೋಸ್‌ನ ಒಳಗಿನ ಕೆಲಸಕ್ಕೆ ಹೋಗುವ ಸಮಯದ) ಕೆಂಪು ಗೆರೆ ಮಾತ್ರ ಹಸಿರು ಗೆರೆಯ ಬೆನ್ನಿಗೇ ಏರುತ್ತಿದ್ದರೆ, ಅಥವಾ ಪ್ರೊಸೆಸ್ ಎಕ್ಸ್‌ಪ್ಲೋರರ್ ಎಂಬ ತಂತ್ರಾಂಶದಲ್ಲಿ ‘ಇಂಟರಪ್ಟ್ಸ್’ (ಯಂತ್ರಭಾಗಗಳ ಕರೆಗೆ ಓಗೊಡುವ ಕೆಲಸ) ಸಾಲು ದೊಡ್ಡ ಪಾಲು ತಿನ್ನುತ್ತಿದ್ದರೆ, ಡಿವೈಸ್ ಮ್ಯಾನೇಜರ್‌ನಲ್ಲಿ ಐಡಿಇ ಚಾನೆಲಿನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದು ಈಗ ಯಾವ ವಿಧಾನ ಬಳಕೆಯಲ್ಲಿದೆಯೆಂದು ನೋಡಿ. ಅಲ್ಲಿ ಪಿಐಒ ಎಂದಿದ್ದರೆ ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ‘ಅಟಾಪಿ’ ಮತ್ತು ‘ಡಿಸ್ಕ್’ ಹೆಸರಿನ ದಾಖಲೆಗಳನ್ನು ಹುಡುಕಿ: ಈವೆಂಟ್ ಸಂಖ್ಯೆ 7 ಎಂದರೆ ಕೆಟ್ಟ ಬ್ಲಾಕ್, 9 ಎಂದರೆ ಡಿಸ್ಕ್ ಸಮಯಕ್ಕೆ ಉತ್ತರಿಸಲಿಲ್ಲ, 11 ಎಂದರೆ ಕಂಟ್ರೋಲರ್ ದೋಷ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿಯಲ್ಲಿ 199ನೆಯ ಲೆಕ್ಕ (ಸಿಆರ್‌ಸಿ ದೋಷಗಳದು) ಏರುತ್ತಿದ್ದರೆ ಅನುಮಾನ ಹೆಚ್ಚಾಗಿ ಕೇಬಲಿನ ಮೇಲೆ. 5 ಮತ್ತು 197 (ಕೆಟ್ಟ ಮತ್ತು ಅನುಮಾನದ ಸೆಕ್ಟರುಗಳ ಲೆಕ್ಕ) ಏರುತ್ತಿದ್ದರೆ ಡಿಸ್ಕಿನ ತಟ್ಟೆಗಳೇ ಸೋಲುತ್ತಿವೆ. ಕೇಬಲಿನ ವಿಷಯದಲ್ಲಿ ಒಂದು ಮಾತು: 40 ತಂತಿಯದಕ್ಕೂ 80 ತಂತಿಯದಕ್ಕೂ ತುದಿಯ ಕನೆಕ್ಟರ್ ಒಂದೇ ಅಳತೆಯದಾದ್ದರಿಂದ ಅಂಗಡಿಯಲ್ಲಿ ಯಾವುದನ್ನಾದರೂ ಸಿಕ್ಕಿಸಿಬಿಡುತ್ತಾರೆ. ಸೆಕೆಂಡಿಗೆ 33 ಮೆಗಾಬೈಟಿಗಿಂತ ಮೇಲಿನ ವೇಗಕ್ಕೆ ಸಣ್ಣೆಳೆಗಳ 80 ತಂತಿಯದೇ ಬೇಕು.

ಹೊಸ ಯಂತ್ರಗಳ ಕಥೆ ಬೇರೆ. ಐಡಿಇಯ ನಂತರ ಬಂದ ಸಾಟಾ ಜೋಡಣೆಯ ಡಿಸ್ಕುಗಳು ಎಎಚ್‌ಸಿಐ ಎಂಬ ಹೊಸ ವಿಧಾನದಲ್ಲಿರುವ ಯಂತ್ರದಲ್ಲಿ ನಕಲಿನ ಹೊತ್ತಿಗೆ ಪ್ರೊಸೆಸರ್ ಏರಿದರೆ ಸಾಮಾನ್ಯವಾಗಿ ಸಾವಿರಾರು ಸಣ್ಣ ಫೈಲುಗಳನ್ನು ಒಂದೊಂದಾಗಿ ತಪಾಸಣೆ ಮಾಡುವ ಆಂಟಿವೈರಸ್, ಇಲ್ಲವೇ ಡಿಸ್ಕಿನ ಎನ್‌ಕ್ರಿಪ್ಷನ್ ಅಥವಾ ಎನ್‌ಟಿಎಫ್‌ಎಸ್ ಕಂಪ್ರೆಷನ್ ಕಾರಣವಾಗಿರುತ್ತದೆ.

ಹಳೆಯ ಯಂತ್ರದಲ್ಲಿ ಡಿಸ್ಕಿನ ದೋಷವೇ ಎಂದು ಕಂಡರೆ ಅದರ ಮೇಲೆ ಚೆಕ್‌ಡಿಸ್ಕ್ ಓಡಿಸಲು ಯಾರಿಗೂ ಬಿಡಬೇಡಿ, ಏಕೆಂದರೆ ಅದು ಸೋಲುತ್ತಿರುವ ಡಿಸ್ಕಿನ ಮೇಲೆಯೇ ಬರೆಯುತ್ತದೆ. ಯಂತ್ರವನ್ನು ನಿಲ್ಲಿಸಿ, ಡಿಸ್ಕನ್ನು ಒಳ್ಳೆಯ ಕೇಬಲಿನೊಂದಿಗೆ ಬೇರೆ ಯಂತ್ರಕ್ಕೆ ಜೋಡಿಸಿ, ಲಿನಕ್ಸ್‌ನಿಂದ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಇಡೀ ಡಿಸ್ಕಿನ ಪ್ರತಿಯನ್ನು ತೆಗೆಯಿರಿ. ಅದು ಸುಲಭವಾಗಿ ಓದಲು ಬರುವ ಭಾಗವನ್ನು ಮೊದಲು ಉಳಿಸಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ. ಯಾವ ರಿಪೇರಿಯನ್ನೇ ಮಾಡುವುದಿದ್ದರೂ ಆ ಪ್ರತಿಯ ಮೇಲೆ ಮಾಡಿ. ಪಿಐಒ ಇದ್ದ ಅವಧಿಯಲ್ಲಿ ತೆಗೆದ ನಕಲುಗಳಿದ್ದರೆ, ಮೂಲ ಡಿಸ್ಕನ್ನು ಎಸೆಯುವ ಮೊದಲು ಅವುಗಳನ್ನು ಈ ಹೊಸ ಪ್ರತಿಯೊಂದಿಗೆ ಬೈಟಿಗೆ ಬೈಟ್ ಹೋಲಿಸಿ ನೋಡಿ.